ಡಿಕ್ರಿ ನಮ್ಮ ಕೈಯಲ್ಲಿ, ಕೀಲಿ ಅವನ ಕಿಸೆಯಲ್ಲಿ!

ಒಂದು ಪ್ರಶ್ನೆ ಕೇಳಿ ಮಾತು ಶುರು ಮಾಡುತ್ತೇನೆ. ನಿಮ್ಮ ಊರಿನಲ್ಲಿ ಕೀಲಿ ಜಡಿದ ಮನೆಗಳು ಎಷ್ಟಿವೆ? ಬಾಡಿಗೆಗೆ ಮನೆ ಕೇಳಿಕೊಂಡು ಬಂದವರನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳಿಸಿದವರು ಎಷ್ಟು ಮಂದಿ ಇದ್ದಾರೆ?

ರಾಯಬಾಗ ತಾಲೂಕಿನ ನಮ್ಮ ಅಲಖನೂರಿಗೆ ಒಂದು ಮಳೆಗಾಲದಲ್ಲಿ ಒಬ್ಬ ಕನ್ನಡ ಮಾಸ್ತರರು ವರ್ಗವಾಗಿ ಬಂದರು. ಹೆಂಡತಿ, ಇಬ್ಬರು ಸಣ್ಣ ಮಕ್ಕಳು. ಎರಡು ಖೋಲಿ, ಒಂದು ಅಡಿಗೆಮನೆ ಸಿಕ್ಕರೆ ಸಾಕು ಎಂದು ಎಂಟು ದಿನ ಓಣಿ ಓಣಿ ತಿರುಗಿದರು. ಖಾಲಿ ಮನೆ ಇರಲಿಲ್ಲವೇ? ಇದ್ದವು. ನಾನೇ ಕರೆದುಕೊಂಡು ಹೋಗಿ ನಾಲ್ಕು ತೋರಿಸಿದೆ. ನಾಲ್ಕೂ ಮಾಲಕರದು ಒಂದೇ ಮಾತು: "ಮಾಸ್ತರ್ರ ಮ್ಯಾಲ ಸಂಶೆ ಇಲ್ರಿ. ಆದ್ರ ಒಮ್ಮೆ ಒಳಗ ಬಿಟ್ಟ ಮ್ಯಾಲ ಹೊರಗ ಕಳಸೂದು ಯಾರ ಕೈಲಿ ಆಗತೈತಿ? ಕೋರ್ಟಿಗೆ ಹೋಗಾಕ ನಮ್ಮ ಆಯುಷ್ಯ ಸಾಲೂದಿಲ್ಲ." ಕೊನೆಗೆ ಮಾಸ್ತರರು ದಿನಾಲು ಬಸ್ಸಿನಲ್ಲಿ ಬಂದು ಹೋಗತೊಡಗಿದರು. ಸಂಜೆ ಬಸ್ಸು ತಪ್ಪಬಾರದೆಂದು ಶಾಲೆ ಬಿಟ್ಟ ಕೂಡಲೇ ಓಡುವ ಮಾಸ್ತರರಿಂದ ಊರಿನ ಮಕ್ಕಳಿಗೆ ಎಷ್ಟು ಲಾಭ ಆಗಬೇಕೋ ಅಷ್ಟೇ ಆಯಿತು.

ಆ ನಾಲ್ವರು ಮಾಲಕರು ಕೆಟ್ಟವರೇ? ಅಲ್ಲ. ಅವರು ಹೆದರಿದವರು. ಯಾರಿಗೆ ಹೆದರಿದರು? ಬಾಡಿಗೆದಾರನಿಗಲ್ಲ, ಕೋರ್ಟಿನ ತಾರೀಖಿಗೆ!

ಚಿಕ್ಕವ್ವನ ಹನ್ನೊಂದು ವರ್ಷ

ಆ ಹೆದರಿಕೆ ಸುಳ್ಳಲ್ಲ ಎಂದು ನನಗೆ ಚೆನ್ನಾಗಿ ಗೊತ್ತು. ನನ್ನ ಚಿಕ್ಕವ್ವನ ಕತೆಯನ್ನೇ ಹೇಳುತ್ತೇನೆ. ಊರಿನ ಹೆಸರು, ಕೋರ್ಟಿನ ಹೆಸರು ಬೇಡ. ಯಾವ ಊರಿನ ಹೆಸರು ಹಾಕಿದರೂ ಕತೆ ಹೊಂದುತ್ತದೆ.

ಚಿಕ್ಕಪ್ಪ ತೀರಿಕೊಂಡಾಗ ಚಿಕ್ಕವ್ವನಿಗೆ ಉಳಿದದ್ದು ಒಂದು ಮನೆ. ಮುಂದೆ ಅಂಗಡಿಗೆ ಆಗುವಂಥ ಒಂದು ಪಡಸಾಲೆ, ಹಿಂದೆ ಎರಡು ಖೋಲಿ. ಗೊಬ್ಬರದ ವ್ಯಾಪಾರಿಯೊಬ್ಬ ತಿಂಗಳಿಗೆ 400 ರೂಪಾಯಿಗೆ ಹಿಡಿದ. ಕಾಗದ ಪತ್ರ ಇಲ್ಲ, ಬರೀ ನಾಲಿಗೆಯ ಮಾತು. ಚಿಕ್ಕವ್ವ ಅದೇ ಓಣಿಯಲ್ಲಿ ಮೈದುನನ ಮನೆಯ ಹಿತ್ತಲ ಖೋಲಿಯಲ್ಲಿ ಇದ್ದಳು. ಕೆಲ ವರ್ಷ ಎಲ್ಲ ಚಲೋ ನಡೆಯಿತು. ಮಗಳು ಗಂಡನ ಮನೆಯಿಂದ ತಿರುಗಿ ಬಂದಾಗ "ಮನೆ ಬಿಡಪಾ" ಎಂದು ಕೇಳಿದಳು. ಅಂದಿನಿಂದ ಬಾಡಿಗೆಯೂ ನಿಂತಿತು, ಮಾತೂ ನಿಂತಿತು.

2006ರಲ್ಲಿ ವಕೀಲರ ನೋಟೀಸು ಹೋಯಿತು. ತೆಗೆದುಕೊಳ್ಳದೆ ತಿರುಗಿಸಿದ. ದಾವೆ ಬಿತ್ತು. ಸಮನ್ಸು ಹೋದಾಗಲೆಲ್ಲ "ಬಾಗಿಲು ಹಾಕಿದೆ" ಎಂದು ಷರಾ ಬರೆದು ವಾಪಸು. ಅತ್ತ ಅಂಗಡಿಯಲ್ಲಿ ದಿನಾಲು ಗೊಬ್ಬರದ ಚೀಲ ಇಳಿಯುತ್ತಿತ್ತು! ಆಮೇಲೆ ಕೈಫಿಯತ್ತು ಕೊಡಲು ಸಮಯ, ಸಾಕ್ಷಿಗೆ ಸಮಯ, ವಕೀಲರಿಗೆ ಮೈಯಲ್ಲಿ ಹುಷಾರಿಲ್ಲ, ಸಾಹೇಬರಿಗೆ ವರ್ಗ. ಹೊಸ ಸಾಹೇಬರು ಮತ್ತೆ ಮೊದಲಿನಿಂದ ಕೇಳಬೇಕು. 2011ರಲ್ಲಿ ಡಿಕ್ರಿ ಆಯಿತು. ಓಣಿಯಲ್ಲಿ ಚಿಕ್ಕವ್ವ ಸಕ್ಕರೆ ಹಂಚಿದಳು. ಪಾಪ, ಅವಳಿಗೇನು ಗೊತ್ತು?

ಅವನು ಅಪೀಲು ಹಾಕಿದ, ತಡೆಯಾಜ್ಞೆ ತಂದ. 2014ರಲ್ಲಿ ಅಪೀಲು ವಜಾ ಆಯಿತು. ಆಗ ದರಖಾಸ್ತು ಹಾಕಬೇಕಾಯಿತು. ನಮ್ಮ ಕಡೆ ಡಿಕ್ರಿ ಜಾರಿಗೆ ಹಾಕುವ ಅರ್ಜಿಗೆ ದರಖಾಸ್ತು ಅನ್ನುತ್ತಾರೆ. ಬೇಲಿಫ್ ವಾರಂಟು ಹಿಡಿದು ಬಾಗಿಲಿಗೆ ಹೋದರೆ ವ್ಯಾಪಾರಿಯ ಅಳಿಯ ಅಡ್ಡ ನಿಂತ: "ಇದು ನನ್ನ ಕಬ್ಜಾ, ಮಾವನಿಗೂ ನನಗೂ ಸಂಬಂಧ ಇಲ್ಲ." ಆ ತಕರಾರಿನ ವಿಚಾರಣೆ ಬೇರೆ! 2017ರಲ್ಲಿ ಕೀಲಿ ಕೈಗೆ ಬಂತು.

ಹನ್ನೊಂದು ವರ್ಷ! ಅಷ್ಟೂ ವರ್ಷ ಆಕೆ ದಿನಾಲು ನೀರಿಗೆ ಹೋಗುವಾಗ ತನ್ನ ಮನೆಯ ಮುಂದೆಯೇ ಹಾಯ್ದು ಹೋಗುತ್ತಿದ್ದಳು. ಕೀಲಿ ಬಂದ ದಿನ ಒಳಗೆ ಹೋಗಿ ನೋಡಿದರೆ ಮಾಳಿಗೆ ಜಗ್ಗಿತ್ತು, ಗೊಬ್ಬರದ ಉಪ್ಪಿಗೆ ಗೋಡೆ ಉದುರಿತ್ತು. ರಿಪೇರಿ ಮಾಡಿಸಿದಳು. ಮಗಳು ಅಷ್ಟರಲ್ಲಿ ಬೇರೆ ಕಡೆ ಕೆಲಸ ಹಿಡಿದು ಹೋಗಿದ್ದಳು. ಮನೆಯನ್ನು ಮತ್ತೆ ಬಾಡಿಗೆಗೆ ಕೊಟ್ಟಳೇ? ಇಲ್ಲ. ಇಂದಿಗೂ ಆ ಮನೆಗೆ ಕೀಲಿ ಇದೆ. ನಮ್ಮೂರಿನ ಮಾಸ್ತರರಿಗೆ ಮನೆ ಯಾಕೆ ಸಿಗಲಿಲ್ಲ ಎಂಬುದಕ್ಕೆ ಉತ್ತರ ಆ ಕೀಲಿಯಲ್ಲಿದೆ.

ಬಡವ ಯಾರು, ಬಲವಂತ ಯಾರು?

"ಮಾಲಕರ ಪರ ಬರೆಯುತ್ತೀರಾ? ನೀವು ಶ್ರೀಮಂತರ ಪತ್ರಿಕೆಯವರಾದಿರಾ?" ಎಂದು ಕೆಲವರು ಕೇಳಬಹುದು. ಕೇಳಲಿ.

ಬಾಡಿಗೆದಾರನಿಗೆ ಕಾನೂನಿನ ರಕ್ಷಣೆ ಸುಮ್ಮನೆ ಬಂದದ್ದಲ್ಲ. ಎರಡನೆಯ ಮಹಾಯುದ್ಧದ ನಂತರ ಮನೆಗಳ ಬರಗಾಲ ಬಿದ್ದು, ಮಾಲಕರು ಮನಬಂದಂತೆ ಬಾಡಿಗೆ ಏರಿಸಿ ಹೊರಗೆ ಹಾಕುತ್ತಿದ್ದಾಗ 1947ರಲ್ಲಿ ಮುಂಬಯಿ ಸರ್ಕಾರ ಬಾಡಿಗೆ ನಿಯಂತ್ರಣ ಕಾಯ್ದೆ ತಂದಿತು. ಬೆಳಗಾವಿ ಜಿಲ್ಲೆ ಆಗ ಮುಂಬಯಿಗೆ ಸೇರಿತ್ತು. ಏಕೀಕರಣವಾದ ಮೇಲೆ ನಮ್ಮದೇ 1961ರ ಕಾಯ್ದೆ ಬಂತು. ಅದನ್ನು ತೆಗೆದು 1999ರ ಕರ್ನಾಟಕ ಬಾಡಿಗೆ ಕಾಯ್ದೆ ಮಾಡಿದರು, 2001ರ ಡಿಸೆಂಬರ್ 31ರಿಂದ ಅದು ಜಾರಿಯಲ್ಲಿದೆ. ಬಡ ಬಾಡಿಗೆದಾರನನ್ನು ಬೀದಿಗೆ ತಳ್ಳಬಾರದು ಎಂಬ ಆಶಯಕ್ಕೆ ನಮ್ಮದು ಪೂರ್ಣ ಬೆಂಬಲ. ನಿಪ್ಪಾಣಿಯ ಬೀಡಿ ಕಟ್ಟುವ ಹೆಣ್ಣುಮಗಳು ಒಂದು ಖೋಲಿಯಲ್ಲಿ ಸಂಸಾರ ನಡೆಸುತ್ತಿದ್ದರೆ ಅವಳನ್ನು ರಾತ್ರೋರಾತ್ರಿ ಹೊರಗೆ ಹಾಕುವವನು ಮನುಷ್ಯನೇ ಅಲ್ಲ.

ಆದರೆ ನಮ್ಮ ಚಿಕ್ಕವ್ವನ ಕತೆಯಲ್ಲಿ ಬಡವ ಯಾರು? ಗೊಬ್ಬರದ ವ್ಯಾಪಾರಿಯೇ? ಹನ್ನೊಂದು ವರ್ಷ ವಕೀಲರಿಗೆ ದುಡ್ಡು ಕೊಡುವ ಶಕ್ತಿ ಯಾರಿಗಿತ್ತು? ತಿಳಿದುಕೊಳ್ಳಿ: ಕಾನೂನು ಬಡವನನ್ನು ಕಾಯುವುದು ಬೇರೆ, ವಿಳಂಬ ಯಾರನ್ನು ಕಾಯುತ್ತದೆ ಎಂಬುದು ಬೇರೆ. ವಿಳಂಬಕ್ಕೆ ಬಡವ ಬಲ್ಲಿದ ಎಂಬ ಭೇದವಿಲ್ಲ. ಕೀಲಿ ಯಾರ ಕಿಸೆಯಲ್ಲಿದೆಯೋ ಅವನನ್ನೇ ಅದು ಕಾಯುತ್ತದೆ!

ಇನ್ನೊಂದು ಮಾತು ನಮ್ಮ ಹಳ್ಳಿಗಳವರು ತಿಳಿಯಬೇಕು. ಈ 1999ರ ಕಾಯ್ದೆ ಅದರ ಪಟ್ಟಿಯಲ್ಲಿರುವ ಊರುಗಳಿಗೆ ಮಾತ್ರ. ವಿಧವೆ, ಅಂಗವಿಕಲ, 65 ವರ್ಷ ದಾಟಿದ ಮಾಲಕರಿಗೆ ಮನೆ ಬೇಗ ತಿರುಗಿ ಪಡೆಯಲು ಅದರ 31ನೇ ಕಲಮಿನಲ್ಲಿ ಒಂದು ದಾರಿ ಇದೆ. ಅಲಖನೂರಿನಂಥ ಹಳ್ಳಿಯ ವಿಧವೆಗೆ ಆ ದಾರಿ ಇಲ್ಲ. ಅವಳು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಮಿನಂತೆ 15 ದಿನದ ನೋಟೀಸು ಕೊಟ್ಟು ಸಾದಾ ಸಿವಿಲ್ ದಾವೆ ಹಾಕಬೇಕು. ಅಂದರೆ ಊರಿನ ಎಲ್ಲ ಹೊಲದ ಗಡಿ ತಂಟೆ, ಅಣ್ಣತಮ್ಮಂದಿರ ಹಿಸ್ಸಾ ತಂಟೆಗಳ ಹಿಂದೆ ಸಾಲಿನಲ್ಲಿ ನಿಲ್ಲಬೇಕು. ಪೇಟೆಯ ವಿಧವೆಗೆ ಒಂದು ನ್ಯಾಯ, ಹಳ್ಳಿಯ ವಿಧವೆಗೆ ಇನ್ನೊಂದೇ? ಇದನ್ನು ಕೇಳುವವರು ಯಾರು?

ಡಿಕ್ರಿ ಎಂಬ ಕಾಗದ

ದಾವೆಯಲ್ಲಿ ಗೆಲ್ಲುವುದು ಅರ್ಧ ದಾರಿ ಅಷ್ಟೇ. 1872ರಲ್ಲಿಯೇ ಲಂಡನ್ನಿನ ಪ್ರಿವಿ ಕೌನ್ಸಿಲ್ಲು ಹೇಳಿತ್ತು: ಭಾರತದಲ್ಲಿ ಕಕ್ಷಿದಾರನ ಕಷ್ಟ ಶುರುವಾಗುವುದು ಡಿಕ್ರಿ ಕೈಗೆ ಬಂದ ಮೇಲೆಯೇ ಎಂದು. ಬಿಳಿಯರು ಹೋದರು, ಸ್ವಾತಂತ್ರ್ಯ ಬಂತು, ಏಕೀಕರಣವಾಯಿತು. ಆ ಮಾತು ಮಾತ್ರ ಕಲ್ಲಿನಲ್ಲಿ ಕೊರೆದಂತೆ ಉಳಿದಿದೆ.

ಬೆಂಗಳೂರಿನ ಒಂದು ಆಸ್ತಿಯ ತಂಟೆಯೇ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2021ರ ಏಪ್ರಿಲ್ 22ರಂದು ಅಲ್ಲಿ ಒಂದು ದೊಡ್ಡ ತೀರ್ಪು ಬಂತು. ದರಖಾಸ್ತು ಹಾಕಿದ ಆರು ತಿಂಗಳೊಳಗೆ ಅದನ್ನು ಮುಗಿಸಬೇಕು, ಆಗದಿದ್ದರೆ ಯಾಕೆ ಆಗಲಿಲ್ಲ ಎಂದು ಕಾರಣ ಬರೆಯಬೇಕು ಎಂದು ಅದರಲ್ಲಿ ಹೇಳಲಾಗಿದೆ. ಒಳ್ಳೆಯ ಮಾತು. ಆದರೆ ಅದು ನಡೆಯಿತೇ?

2025ರ ಮಾರ್ಚಿನಲ್ಲಿ ತಮಿಳುನಾಡಿನ ಇನ್ನೊಂದು ಪ್ರಕರಣದಲ್ಲಿ ಅದೇ ಸುಪ್ರೀಂ ಕೋರ್ಟು ಎಲ್ಲ ಹೈಕೋರ್ಟುಗಳಿಗೆ ಲೆಕ್ಕ ಕೇಳಿತು: ನಿಮ್ಮ ಕೆಳಗಿನ ಕೋರ್ಟುಗಳಲ್ಲಿ ಎಷ್ಟು ದರಖಾಸ್ತು ಬಾಕಿ? ಅಕ್ಟೋಬರಿನಲ್ಲಿ ಲೆಕ್ಕ ಹೊರಬಿತ್ತು. ದೇಶದಲ್ಲಿ ಬಾಕಿ ಇದ್ದದ್ದು 8,82,578! ಆರು ತಿಂಗಳಲ್ಲಿ ಮುಗಿದದ್ದು 3,38,685. ಇವೆಲ್ಲ ಮನೆಯ ದರಖಾಸ್ತುಗಳೇ ಅಲ್ಲ, ಸಾಲ, ಹಿಸ್ಸಾ ಎಲ್ಲ ಸೇರಿವೆ. ಆದರೆ ಒಂದೊಂದರ ಹಿಂದೆಯೂ ಗೆದ್ದು ಸೋತವರು ಇದ್ದಾರೆ ಎಂಬುದನ್ನು ಮರೆಯಬೇಡಿ.

ಆ ಲೆಕ್ಕದಲ್ಲಿ ಕರ್ನಾಟಕದ ಪಾಲು ಎಷ್ಟು ಎಂದು ಹುಡುಕಿದರೆ ತಲೆ ತಗ್ಗಿಸಬೇಕಾಗುತ್ತದೆ. ಆ ಆದೇಶ ಬರೆಯುವ ಹೊತ್ತಿಗೆ ನಮ್ಮ ಹೈಕೋರ್ಟಿನಿಂದ ಮಾಹಿತಿಯೇ ಹೋಗಿರಲಿಲ್ಲ. ಎರಡು ವಾರದೊಳಗೆ ಕೊಡಿ ಎಂದು ಸುಪ್ರೀಂ ಕೋರ್ಟು ನೆನಪು ಮಾಡಬೇಕಾಯಿತು. ಡಿಕ್ರಿ ಹಿಡಿದು ಕುಳಿತ ನಮ್ಮ ಜನರನ್ನು ಎಣಿಸುವ ಕೆಲಸವೂ ತಡವಾಯಿತೇ?

ಅಡ್ಡದಾರಿಗಳ ಸಂತೆ

ನೆಟ್ಟ ದಾರಿ ಮುಚ್ಚಿದಾಗ ಜನ ಅಡ್ಡದಾರಿ ಹುಡುಕುತ್ತಾರೆ. ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯ ಮಾಲಕರು ಕಂಡುಕೊಂಡ ದಾರಿಗಳನ್ನು ನೋಡಿ.

ಒಂದು, ಹನ್ನೊಂದು ತಿಂಗಳ ಕರಾರು. ಒಂದು ವರ್ಷ ದಾಟಿದರೆ ನೋಂದಣಿ ಬೇಕಾಗುತ್ತದೆ, ಅದಕ್ಕೆ ಹನ್ನೊಂದೇ ತಿಂಗಳು. ಬರೆದ ಕಾಗದ ಏನೂ ಇಲ್ಲದ್ದಕ್ಕಿಂತ ಮೇಲು, ನಿಜ. ಆದರೆ ಹನ್ನೆರಡನೆಯ ತಿಂಗಳು ಅವನು ಬಿಡಲಿಲ್ಲ ಅನ್ನಿ, ಆ ಕಾಗದ ಬಾಗಿಲು ತೆರೆಯುವುದಿಲ್ಲ. ಮತ್ತೆ ಅದೇ ನೋಟೀಸು, ಅದೇ ದಾವೆ.

ಎರಡು, ದೊಡ್ಡ ಮುಂಗಡ. ಬಾಡಿಗೆ ನಿಲ್ಲಿಸಿದರೆ ಮುರಿದುಕೊಳ್ಳಬಹುದು ಎಂಬ ಲೆಕ್ಕ. ಪ್ರಾಮಾಣಿಕ ಬಡವನಿಗೆ ಮುಂಗಡ ಕೊಡಲಾಗುವುದಿಲ್ಲ, ಅವನಿಗೆ ಮನೆ ಸಿಗುವುದಿಲ್ಲ. ಮೋಸ ಮಾಡುವವನಿಗೆ ಮುಂಗಡ ಒಂದು ಅಡ್ಡಿಯೇ ಅಲ್ಲ.

ಮೂರು, ಹೊರಗೆ ಹೋಗಲು ಬಾಡಿಗೆದಾರನಿಗೇ ದುಡ್ಡು ಕೊಡುವುದು. ತನ್ನ ಮನೆಗೆ ತಾನೇ ಪಗಡಿ! ಡಿಕ್ರಿ ಕೈಯಲ್ಲಿ ಹಿಡಿದೂ "ಇಷ್ಟು ತಗೊಂಡು ಹೋಗಪಾ" ಎಂದು ಕೈ ಮುಗಿದವರು ನನಗೆ ಗೊತ್ತಿದ್ದಾರೆ. ವಿಳಂಬಕ್ಕೆ ಪೇಟೆಯ ದರ ಕಟ್ಟಿದ್ದು ಇದು.

ನಾಲ್ಕು, ಗೂಂಡಾಗಿರಿ. ಕರೆಂಟು ಕೀಳಿಸು, ನೀರು ನಿಲ್ಲಿಸು, ಸಾಮಾನು ಬೀದಿಗೆ ಎಸೆ. ಮಾಲಕ ಬಾಂಧವರೇ, ಇದು ಬೇಡವೇ ಬೇಡ. ಅದು ಅನ್ಯಾಯ, ಅಷ್ಟೇ ಅಲ್ಲ, ದಡ್ಡತನ ಕೂಡ. 1963ರ ವಿಶೇಷ ಪರಿಹಾರ ಕಾಯ್ದೆಯ 6ನೇ ಕಲಮಿನಂತೆ, ಕಾನೂನಿನ ದಾರಿ ಬಿಟ್ಟು ಹೊರಗೆ ಹಾಕಲ್ಪಟ್ಟವನು ಆರು ತಿಂಗಳೊಳಗೆ ದಾವೆ ಹಾಕಿದರೆ ಮನೆ ಯಾರದು ಎಂಬ ಪ್ರಶ್ನೆಯೇ ಏಳದೆ ಕಬ್ಜಾ ಅವನಿಗೆ ತಿರುಗಿ ಹೋಗುತ್ತದೆ. ಮೇಲಿಂದ ಪೊಲೀಸು ಕೇಸು ಬೇರೆ. ಗೆಲ್ಲುವ ದಾವೆಯನ್ನು ಸೋಲಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಐದು, ಎಲ್ಲಕ್ಕಿಂತ ಸುಲಭದ್ದು: ಯಾರಿಗೂ ಕೊಡದೆ ಕೀಲಿ ಹಾಕುವುದು. 2011ರ ಜನಗಣತಿಯಂತೆ ದೇಶದ ಪಟ್ಟಣಗಳಲ್ಲಿಯೇ ಸುಮಾರು 1.1 ಕೋಟಿ ಮನೆಗಳು ಖಾಲಿ ಇದ್ದವು. 2017–18ರ ಕೇಂದ್ರದ ಆರ್ಥಿಕ ಸಮೀಕ್ಷೆ ಕೊಟ್ಟ ಕಾರಣಗಳಲ್ಲಿ ಕರಾರು ಜಾರಿಯಾಗದ ದುರವಸ್ಥೆಯೂ ಒಂದು. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ನಮ್ಮ ಸೀಮೆಯ ಹೊಳೆದಂಡೆಯ ಊರುಗಳು ಮುಳುಗಿದಾಗ ಸಾವಿರಾರು ಮಂದಿ ಶಾಲೆ, ಮಂಗಲ ಕಾರ್ಯಾಲಯಗಳ ಕಾಳಜಿ ಕೇಂದ್ರಗಳಲ್ಲಿ ದಿನ ಕಳೆದರು. ಎತ್ತರದ ಊರುಗಳಲ್ಲಿ ಕೀಲಿ ಹಾಕಿದ ಮನೆಗಳು ಆಗಲೂ ಇದ್ದವು. ಕೀಲಿ ಹಾಕಿದವನು ಕಲ್ಲು ಹೃದಯದವನಲ್ಲ. ಅವನಿಗೆ ನನ್ನ ಚಿಕ್ಕವ್ವನ ಕತೆ ಗೊತ್ತಿತ್ತು!

ನೋಡಿ, ಐದೂ ದಾರಿಯ ಕೊನೆಗೆ ಪೆಟ್ಟು ತಿನ್ನುವವನು ಯಾರು? ಮನೆ ಹುಡುಕುವ ಪ್ರಾಮಾಣಿಕ ಬಾಡಿಗೆದಾರ. ಬಾಡಿಗೆದಾರರ ಪರ ಎಂದು ಎದೆ ತಟ್ಟಿಕೊಳ್ಳುವವರು ಮೊದಲು ಈ ವಿಳಂಬದ ವಿರುದ್ಧ ನಿಲ್ಲಬೇಕು.

ಗಡಿಯ ಆಚೆ ನೋಡಿ

ಮಹಾರಾಷ್ಟ್ರವನ್ನು ನಾವು ಸುಮ್ಮಸುಮ್ಮನೆ ಹೊಗಳುವವರಲ್ಲ. ಆದರೆ ಒಳ್ಳೆಯದನ್ನು ಒಳ್ಳೆಯದು ಅನ್ನಲು ಹಿಂಜರಿಯಬಾರದು. ಮಿರಜ, ಇಚಲಕರಂಜಿಯಲ್ಲಿ ವಾಸದ ಮನೆ ಕೊಡುವವನು 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯಂತೆ ಪರವಾನಗಿ ಕರಾರು ಬರೆದು ನೋಂದಣಿ ಮಾಡಿಸುತ್ತಾನೆ. ಅವಧಿ ಮುಗಿದ ಮೇಲೂ ಬಿಡದಿದ್ದರೆ 24ನೇ ಕಲಮಿನಂತೆ ಸಕ್ಷಮ ಅಧಿಕಾರಿಗೆ ಅರ್ಜಿ ಕೊಡುತ್ತಾನೆ. ಒಳಗಿದ್ದವನು ವಾದ ಮಾಡಬೇಕಾದರೂ ಮೊದಲು ಅನುಮತಿ ಕೇಳಬೇಕು. ಅವಧಿ ಮೀರಿ ಕುಳಿತ ದಿನಗಳಿಗೆ ಎರಡು ಪಟ್ಟು ದುಡ್ಡು ತೆರಬೇಕು. ಅಲ್ಲಿಯೂ ಎಲ್ಲ ಸರಾಗ ಎಂದು ನಾನು ಹೇಳುವುದಿಲ್ಲ. ಆದರೆ ಹಾದಿಯಾದರೂ ಬೇರೆ ಇದೆ. 2021ರ ಜೂನಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿಯೂ ಬಾಡಿಗೆ ತಂಟೆಗೆ ಬೇರೆ ಕೋರ್ಟು, 60 ದಿನದ ಗಡುವು ಇದೆ. ಅದರಲ್ಲಿ ಬಾಡಿಗೆದಾರನಿಗೂ ರಕ್ಷಣೆ ಇದೆ, ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ. ಹತ್ತು ಹದಿನೈದು ಕಿಲೋಮೀಟರು ಆಚೆ ಇರುವ ಸೌಲಭ್ಯ ಕಾಗವಾಡದ ಕನ್ನಡಿಗನಿಗೆ ಯಾಕಿಲ್ಲ?

ಓದಲಾಗದ ಕಾಗದಕ್ಕೆ ಸಹಿ

ವಿಳಂಬದಲ್ಲಿ ಭಾಷೆಯ ಪಾಲೂ ಇದೆ. ಟೈಪು ಮಾಡುವವನ ಹತ್ತಿರ ಇಂಗ್ಲಿಷಿನ ಒಂದು ಸಿದ್ಧ ಕರಾರು ಇರುತ್ತದೆ. ಹೆಸರು, ತಾರೀಖು ಬದಲು ಮಾಡಿ ಕೊಡುತ್ತಾನೆ. ಕೊಡುವವನಿಗೂ ಓದಲು ಬರುವುದಿಲ್ಲ, ಹಿಡಿಯುವವನಿಗೂ ಬರುವುದಿಲ್ಲ. ನಾಲ್ಕು ವರ್ಷದ ಮೇಲೆ ಕೋರ್ಟಿನಲ್ಲಿ "ನನಗೆ ಇದರಲ್ಲಿ ಏನಿದೆ ಗೊತ್ತಿರಲಿಲ್ಲ" ಎಂಬ ತಕರಾರು. ಹಳೆಯ ಮನೆಗಳದು ಇನ್ನೊಂದು ಗೋಳು. ರಾಯಬಾಗ 1949ರ ತನಕ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು. ಅಜ್ಜನ ಕಾಲದ ಪತ್ರ ಮೋಡಿ ಲಿಪಿಯಲ್ಲಿದ್ದರೆ ಓದುವವನನ್ನು ಹುಡುಕಿ ತರ್ಜುಮೆ ಮಾಡಿಸುವ ತನಕ ತಾರೀಖಿನ ಮೇಲೆ ತಾರೀಖು.

ಕೆಳಗಿನ ಕೋರ್ಟುಗಳ ಭಾಷೆ ಯಾವುದೆಂದು ಗೊತ್ತು ಮಾಡುವ ಅಧಿಕಾರವನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 137ನೇ ಕಲಮು ರಾಜ್ಯ ಸರ್ಕಾರಕ್ಕೇ ಕೊಟ್ಟಿದೆ. ಕನ್ನಡದಲ್ಲಿ ಕರಾರು, ಕನ್ನಡದಲ್ಲಿ ನೋಟೀಸು, ಕನ್ನಡದಲ್ಲಿ ದಾವೆ. ಇದು ಅಭಿಮಾನದ ಮಾತಷ್ಟೇ ಅಲ್ಲ, ತಂಟೆ ಬೇಗ ಮುಗಿಯುವ ಉಪಾಯವೂ ಹೌದು. ಏನು ಬರೆದಿದೆ ಎಂದು ಇಬ್ಬರಿಗೂ ಗೊತ್ತಿದ್ದರೆ ಸುಳ್ಳು ಹೇಳುವ ಜಾಗ ಕಡಿಮೆ.

ಇವತ್ತೇ ಮಾಡಬಹುದಾದ ಕೆಲಸ

ಸರ್ಕಾರ ಏಳುವ ತನಕ ಕೈ ಕಟ್ಟಿ ಕೂಡುವುದು ಬೇಡ. ಮನೆ ಕೊಡುವಾಗ ಕನ್ನಡದಲ್ಲಿ ಕರಾರು ಬರೆಯಿರಿ, ಸಾಧ್ಯವಾದರೆ ನೋಂದಣಿ ಮಾಡಿಸಿ. ಪ್ರತಿ ತಿಂಗಳ ಬಾಡಿಗೆಗೆ ರಸೀದಿ ಕೊಡಿ, ಇಲ್ಲವೆ ಬ್ಯಾಂಕಿನ ಮೂಲಕ ತೆಗೆದುಕೊಳ್ಳಿ. "ಹನ್ನೆರಡು ವರ್ಷ ಇದ್ದರೆ ಮನೆ ಬಾಡಿಗೆದಾರನದೇ ಆಗುತ್ತದೆ" ಎಂಬ ಸುಳ್ಳನ್ನು ನಂಬಬೇಡಿ. ಬಾಡಿಗೆಗೆ ಎಂದು ಒಳಗೆ ಬಂದವನು ಬಾಡಿಗೆದಾರನಾಗಿ ಉಳಿದಷ್ಟು ಕಾಲ ಮಾಲಕತ್ವ ಅವನಿಗೆ ಹೋಗುವುದಿಲ್ಲ. ಬಾಡಿಗೆಯ ಕಾಗದ ಇದ್ದರೆ ಅದನ್ನು ತೋರಿಸುವುದು ಸುಲಭ.

ಹೆಣ್ಣುಮಕ್ಕಳೇ, ವಕೀಲರಿಗೆ ಕೊಡಲು ದುಡ್ಡಿಲ್ಲ ಎಂದು ಹಿಂಜರಿಯಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಹೆಣ್ಣುಮಕ್ಕಳಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡಬೇಕು. ತಾಲೂಕಿನ ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಡಿ. ಎದುರಿನವನು ಸ್ವಲ್ಪವಾದರೂ ಬಗ್ಗುವಂತಿದ್ದರೆ ಲೋಕ ಅದಾಲತ್ತಿಗೆ ಹೋಗಿ. ಅಲ್ಲಿನ ರಾಜಿ ಡಿಕ್ರಿಗೆ ಸಮ, ಅದರ ಮೇಲೆ ಅಪೀಲು ಇಲ್ಲ. ಮೂರು ತಿಂಗಳು ಸಮಯ ಕೊಟ್ಟು ಕೀಲಿ ಪಡೆಯುವುದು ಹನ್ನೊಂದು ವರ್ಷಕ್ಕಿಂತ ಮೇಲಲ್ಲವೇ?

ಅಪೀಲಿನಲ್ಲಿ ತಡೆಯಾಜ್ಞೆ ಕೇಳಿದರೆ ಸುಮ್ಮನಿರಬೇಡಿ. ದೆಹಲಿಯ ಒಂದು ಪ್ರಕರಣದಲ್ಲಿ ತಿಂಗಳಿಗೆ 371.90 ರೂಪಾಯಿ ಕೊಡುತ್ತಿದ್ದ ಬಾಡಿಗೆದಾರನಿಗೆ, ತಡೆಯಾಜ್ಞೆ ಬೇಕಾದರೆ ತಿಂಗಳಿಗೆ 15,000 ಕಟ್ಟು ಎಂದು ಆದೇಶವಾಯಿತು. 2004ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿ ಹಿಡಿಯಿತು. ಆ ತೀರ್ಪನ್ನು ನಿಮ್ಮ ವಕೀಲರಿಗೆ ನೆನಪು ಮಾಡಿ. ಕುಳಿತಷ್ಟು ದಿನ ಪೇಟೆಯ ದರ ಕಟ್ಟಬೇಕಾದರೆ ಕೂಡುವ ಆಸೆ ತಾನೇ ಇಳಿಯುತ್ತದೆ.

ನಮ್ಮ ಬೇಡಿಕೆಗಳು

ಹಳ್ಳಿಯ ವಿಧವೆ, ವೃದ್ಧ, ಅಂಗವಿಕಲ ಮಾಲಕರಿಗೂ ಪೇಟೆಯವರಿಗಿರುವ ಶೀಘ್ರ ದಾರಿ ಸಿಗಬೇಕು. ಪ್ರತಿ ತಾಲೂಕು ಕೋರ್ಟಿನಲ್ಲಿ ಎಷ್ಟು ದರಖಾಸ್ತು ಆರು ತಿಂಗಳು ದಾಟಿವೆ ಎಂಬ ಲೆಕ್ಕವನ್ನು ಕನ್ನಡದಲ್ಲಿ ಬರೆದು ಬಾಗಿಲಿಗೆ ಅಂಟಿಸಬೇಕು. ಖಾಲಿ ಬಿದ್ದ ನ್ಯಾಯಾಧೀಶರ, ಬೇಲಿಫರ ಹುದ್ದೆ ತುಂಬಬೇಕು. ಕನ್ನಡದ ಒಂದು ಸರಳ ಮಾದರಿ ಬಾಡಿಗೆ ಕರಾರನ್ನು ಸರ್ಕಾರವೇ ಅಚ್ಚು ಹಾಕಿಸಿ ಪಂಚಾಯತಿಗಳಲ್ಲಿ ಇಡಬೇಕು. ಹಾಗೆಯೇ ಕರಾರಿನ ಅವಧಿಯೊಳಗೆ ಯಾವ ಮಾಲಕನೂ ಬಾಡಿಗೆದಾರನ ಕರೆಂಟು, ನೀರು ಮುಟ್ಟದಂತೆ ನೋಡಿಕೊಳ್ಳಬೇಕು.

ಇದೆಲ್ಲ ಆಗುವ ಮಾತೇ ಎಂದು ನಗುವವರು ಒಂದು ಸಂಗತಿ ನೆನೆಯಲಿ. ಹೈಕೋರ್ಟಿನ ಒಂದು ಅಪೀಲಿಗಾಗಿ ನಮ್ಮವರು ಐನೂರಕ್ಕೂ ಹೆಚ್ಚು ಕಿಲೋಮೀಟರು ಬೆಂಗಳೂರಿಗೆ ಹೋಗುತ್ತಿದ್ದ ಕಾಲ ಇತ್ತು. ಉತ್ತರ ಕರ್ನಾಟಕದ ವಕೀಲರು, ಜನರು ವರ್ಷಗಟ್ಟಲೆ ಹೋರಾಡಿದರು. 2008ರ ಜುಲೈಯಲ್ಲಿ ಧಾರವಾಡಕ್ಕೆ ಸಂಚಾರಿ ಪೀಠ ಬಂತು, 2013ರ ಆಗಸ್ಟಿನಲ್ಲಿ ಅದು ಕಾಯಂ ಆಯಿತು. ಕೋರ್ಟನ್ನು ಹತ್ತಿರ ತಂದವರು ಕೋರ್ಟಿನ ಗಡಿಯಾರವನ್ನೂ ಸರಿ ಮಾಡಿಸಬಲ್ಲರು.

ಮುಂದಿನ ಸಲ ನಮ್ಮೂರಿಗೆ ಒಬ್ಬ ಮಾಸ್ತರರು ಹೆಂಡತಿ ಮಕ್ಕಳ ಜೊತೆ ಬಂದು ಮನೆ ಕೇಳಿದಾಗ, ಕೀಲಿ ತೆಗೆದು "ಬರ್ರಿ, ಇರ್ರಿ" ಎನ್ನುವ ಧೈರ್ಯ ಒಬ್ಬ ಮಾಲಕನಿಗಾದರೂ ಬರಬೇಕು. ಆ ಧೈರ್ಯ ಕೊಡಬೇಕಾದದ್ದು ಕೋರ್ಟು. ಅದನ್ನು ಕೇಳಿ ಪಡೆಯಬೇಕಾದವರು ನಾವು.